ಕುಡಿತ ಬಿಡಿಸಲು ಹೋಗಿ ನಾನು ಬಿಟ್ಟ ಮಾತು

ನಾನು ಉಡುಪಿ ಕಡೆಯವಳು, ನರ್ಸ್. ಹನ್ನೊಂದು ವರ್ಷದಿಂದ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ನವಾಹೊ ಎಂಬ ಮೂಲನಿವಾಸಿ ಜನರ ನಾಡಿನ ಅಂಚಿನ ಒಂದು ಊರಿನಲ್ಲಿ, ಕುಡಿತ ಬಿಡಬೇಕು ಅಂತ ಬರುವವರ ಜೊತೆ ಕೆಲಸ ಮಾಡುತ್ತಿದ್ದೇನೆ. ನವಾಹೊ ಅನ್ನುವುದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು ದಿನೆ ಅನ್ನುತ್ತಾರೆ. ಜನ ಅಂತ ಅದರ ಅರ್ಥ.

ಹೊಸತರಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನಲವತ್ತು ದಾಟಿದ ಒಬ್ಬರು ಬಂದಿದ್ದರು. ರಕ್ತದ ರಿಪೋರ್ಟ್ ಮುಂದಿಟ್ಟು, "ಹೀಗೇ ಕುಡಿದರೆ ನಿಮ್ಮ ಲಿವರ್ ಹೋಗುತ್ತದೆ, ಜಾಸ್ತಿ ದಿನ ಬದುಕುವುದಿಲ್ಲ" ಅಂದೆ. ಮುಚ್ಚಿಡದೆ ನೇರವಾಗಿ ಹೇಳಬೇಕು ಅಂತಲೇ ನಾನು ಕಲಿತದ್ದು. ಅವರು ಏನೂ ಮಾತಾಡಲಿಲ್ಲ. ಟೋಪಿ ಎತ್ತಿಕೊಂಡು ಎದ್ದು ಹೋದರು. ಐದು ತಿಂಗಳು ಬರಲಿಲ್ಲ.

ನಮ್ಮ ಜೊತೆ ಒಬ್ಬ ಹತಾಲಿ ಇದ್ದಾರೆ. ದಿನೆ ಭಾಷೆಯಲ್ಲಿ ಹಾಗಂದರೆ ಹಾಡುವವರು. ಅವರ ಪೂಜೆ, ಚಿಕಿತ್ಸೆ ಎಲ್ಲ ಹಾಡಿನಲ್ಲೇ ನಡೆಯುತ್ತದೆ. ನಾನು ಅವರನ್ನು ಅಜ್ಜ ಅಂತಲೇ ಕರೆಯುತ್ತೇನೆ. ಅವತ್ತು ಸಂಜೆ ಅವರು ಕೇಳಿದರು, "ಆ ಮಾತು ಯಾಕೆ ಆಡಿದೆ ಮಗಳೇ?" ಮಾತು ಅಂದರೆ ಬರೀ ಸುದ್ದಿ ಅಲ್ಲ, ಆಡಿದ್ದು ನಡೆದುಬಿಡುತ್ತದೆ ಅಂತ ಅವರ ನಂಬಿಕೆ. ಎದುರಿಗೆ ಕೂತವನಿಗೆ ಸಾಯುತ್ತೀಯ ಅಂದರೆ, ಅದು ಸಾವನ್ನು ಕರೆದ ಹಾಗೆ.

ನನಗೆ ಮೈ ಜುಮ್ಮೆಂದಿತು. ಇದು ನನಗೆ ಗೊತ್ತಿಲ್ಲದ್ದಾ? ಚಿಕ್ಕಂದಿನಲ್ಲಿ ಬಾಯಲ್ಲಿ ಏನಾದರೂ ಕೆಟ್ಟದ್ದು ಬಂದರೆ ಅಮ್ಮ ತಕ್ಷಣ "ಬಿಡ್ತು ಅನ್ನು" ಅನ್ನುತ್ತಿದ್ದರು. ಹೊರಡುವಾಗ "ಹೋಗ್ತೇನೆ" ಅಂದರೆ ಬೈಗುಳ, "ಬರ್ತೇನೆ" ಅನ್ನಬೇಕು. ನರ್ಸ್ ಕೋಟು ಹಾಕಿದ ಮೇಲೆ ಅದನ್ನೆಲ್ಲ ಮರೆತಿದ್ದೆ.

ಆಮೇಲೆ ನಾನು ಮಾತಾಡುವ ರೀತಿಯನ್ನೇ ಬದಲಾಯಿಸಿಕೊಂಡೆ. ಈಗ ರಿಪೋರ್ಟ್ ಬಂದರೆ ಹೀಗೆ ಹೇಳುತ್ತೇನೆ: "ತುಂಬಾ ವರ್ಷ ಕುಡಿದ ಕೆಲವರಿಗೆ ಲಿವರ್ ಗಟ್ಟಿಯಾಗಿದ್ದನ್ನು ನಾವು ಇಲ್ಲಿ ನೋಡಿದ್ದೇವೆ. ನೀವು ಮೊಮ್ಮಗನಿಗೆ ಕುರಿ ಮೇಯಿಸುವುದು ಕಲಿಸಬೇಕು ಅಂದಿರಲ್ಲ. ಅದಕ್ಕೆ ಮೈಯಲ್ಲಿ ಶಕ್ತಿ ಬೇಕು. ಇವತ್ತಿಂದ ಏನು ಮಾಡೋಣ?" ಸುಳ್ಳು ಹೇಳುವುದಿಲ್ಲ. ಬಿಡಿಸಿ ಕೇಳಿದವರಿಗೆ ಎಲ್ಲವನ್ನೂ ಹೇಳುತ್ತೇನೆ. ಆದರೆ ಕೆಟ್ಟದ್ದನ್ನು ಅವರ ತಲೆಯ ಮೇಲೆ ತಂದು ಕೂರಿಸುವುದಿಲ್ಲ.

ಅಜ್ಜ ತಿದ್ದಿದ ಇನ್ನೊಂದು ವಿಷಯ ಪರಿಚಯ. "ನಿಮ್ಮ ತೊಂದರೆ ಏನು" ಅಂತ ಶುರು ಮಾಡುತ್ತಿದ್ದೆ. ದಿನೆ ಜನ ಭೇಟಿಯಾದರೆ ಮೊದಲು ತಾಯಿಯ ಕುಲ ಹೇಳುತ್ತಾರೆ, ಆಮೇಲೆ ತಂದೆಯದು, ಆಮೇಲೆ ಇಬ್ಬರು ಅಜ್ಜಂದಿರದು. ಕುಲ ತಾಯಿಯಿಂದಲೇ ಬರುತ್ತದೆ. ನಮ್ಮ ತುಳುನಾಡಿನ ಹಲವು ಸಮುದಾಯಗಳಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುವ ಹಾಗೆಯೇ. ನಾನು ನನ್ನ ಬಳಿ ಹೇಳಿ, ಒಂದೇ ಬಳಿಯವರು ಮದುವೆ ಆಗುವಂತಿಲ್ಲ ಅಂದಾಗ ಕೂತಿದ್ದವರೆಲ್ಲ ತಲೆ ಆಡಿಸಿದರು. ಅವರಲ್ಲೂ ಅದೇ ನಿಯಮ. ಕುಡಿತದಿಂದ ಮನೆಯಿಂದ ದೂರವಾದ ಹುಡುಗನೊಬ್ಬ ತನ್ನ ಕುಲ ಹೇಳುತ್ತಿದ್ದಂತೆ ಮೂಲೆಯಲ್ಲಿದ್ದ ಹೆಂಗಸು "ಹಾಗಾದರೆ ನಾನು ನಿನ್ನ ಅಕ್ಕ" ಅಂದರು. ಆ ಹುಡುಗ ಮುಂದಿನ ವಾರ ಬಂದದ್ದು ನನಗಾಗಿ ಅಲ್ಲ, ಆ ಅಕ್ಕನಿಗಾಗಿ.

ಊರಿನ ಗೆಳೆಯರು ಫೋನಿನಲ್ಲಿ "ಅವರ ರಕ್ತದಲ್ಲೇ ಕುಡಿತ ಇದೆಯಂತೆ, ಹೌದಾ?" ಅಂತ ಕೇಳುತ್ತಾರೆ. ಇಲ್ಲ. ಅಲ್ಲಿ ಕುಡಿಯದೇ ಇರುವವರೂ ಬಹಳ ಜನ. ಆದರೆ ಅವರು ಅನುಭವಿಸಿದ್ದನ್ನು ನೋಡಿ. 1864ರಲ್ಲಿ ಅಮೆರಿಕದ ಸೈನ್ಯ ಇವರನ್ನು ನೂರಾರು ಮೈಲಿ ನಡೆಸಿ ಬಾಸ್ಕ್ ರೆಡಾಂಡೋ ಎಂಬಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ಮೇಲೆ ವಾಪಸ್ ಬಂದರು. ಆಮೇಲೆ ಸರಕಾರದವರು ಇವರ ಮಕ್ಕಳನ್ನು ವಸತಿ ಶಾಲೆಗೆ ಒಯ್ದು ಕೂದಲು ಕತ್ತರಿಸಿದರು, ದಿನೆ ಭಾಷೆ ಆಡಿದರೆ ಶಿಕ್ಷಿಸಿದರು. ಅಪ್ಪ ಅಮ್ಮನ ಮಡಿಲಲ್ಲಿ ಬೆಳೆಯದ ಮಕ್ಕಳೇ ಮುಂದೆ ಅಪ್ಪ ಅಮ್ಮ ಆದರು. ಕ್ಯಾಸಿನೊದಂಥ ಕೆಲವು ಜಾಗ ಬಿಟ್ಟರೆ ನವಾಹೊ ನಾಡಿನೊಳಗೆ ಇವತ್ತಿಗೂ ಮದ್ಯ ಮಾರುವಂತಿಲ್ಲ. ಅಂಗಡಿಗಳು ಗಡಿಯಾಚೆಯ ಊರುಗಳಲ್ಲಿವೆ. ಚಳಿಗಾಲದ ರಾತ್ರಿ ಅಲ್ಲಿಂದ ನಡೆದು ಹೊರಟು ದಾರಿಯಲ್ಲೇ ಉಳಿದವರ ಮಾತು ಇಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ.

ಔಷಧಿಯ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ತುಂಬಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಹಾಗಾಗಿ ಮೊದಲ ದಿನಗಳು ಆಸ್ಪತ್ರೆಯಲ್ಲೇ, ಥಯಾಮಿನ್ ವಿಟಮಿನ್ ಜೊತೆಗೆ. ಕೈ ನಡುಗುತ್ತಿರುವಾಗ ಬೆವರು ಗುಡಿಸಲಿಗೆ, ಅಂದರೆ ಬಿಸಿ ಕಲ್ಲಿಟ್ಟು ಮೈ ಬೆವರಿಸುವ ಅವರ ಆಚರಣೆಯ ಗುಡಿಸಲಿಗೆ, ಯಾರನ್ನೂ ಕಳಿಸುವುದಿಲ್ಲ. ಮೈ ನೀರು ಬತ್ತಿಹೋಗುತ್ತದೆ. ಇದನ್ನು ಅಜ್ಜನಿಗೆ ಹೇಳಲು ಹೆದರಿದ್ದೆ. ಅವರು ನನಗಿಂತ ಕಟ್ಟುನಿಟ್ಟು! ಮೈ ಗಟ್ಟಿಯಾಗದೆ ಒಳಗೆ ಬಿಡುವುದೇ ಇಲ್ಲ.

ಸಣ್ಣ ತಾಪತ್ರಯಗಳೂ ಇದ್ದವು. ಅಜ್ಜನ ಆಚರಣೆಗೆ ಕ್ಲಿನಿಕ್ ಒಳಗೆ ಸೀಡರ್ ಮರದ ಎಲೆಯ ಹೊಗೆ ಹಾಕಿದ ಮೊದಲ ದಿನವೇ ಬೆಂಕಿಯ ಅಲಾರಂ ಹೊಡೆದುಕೊಂಡಿತು. ಈಗ ಹಿಂದಿನ ಅಂಗಳದಲ್ಲಿ ಹೋಗನ್ ಕಟ್ಟಿಕೊಂಡಿದ್ದೇವೆ. ಅದು ಅವರ ಮನೆಯ ರೀತಿ, ಬಾಗಿಲು ಪೂರ್ವಕ್ಕೆ. ಒಳಗೆ ನಡೆದದ್ದನ್ನು ನಾನು ಫೈಲಿನಲ್ಲಿ ಬರೆಯುವುದಿಲ್ಲ. "ಬಂದಿದ್ದರು" ಅಂತ ಮಾತ್ರ ಬರೆಯುತ್ತೇನೆ.

ಟೋಪಿ ಎತ್ತಿಕೊಂಡು ಹೋದವರು ಐದು ತಿಂಗಳ ಮೇಲೆ ಅಜ್ಜನ ಜೊತೆ ಬಂದರು. ಎರಡು ಸಲ ಮತ್ತೆ ಕುಡಿದರು, ಎರಡು ಸಲವೂ ವಾಪಸ್ ಬಂದರು. ಈಗ ಗುರುವಾರದ ಕೂಟಕ್ಕೆ ಕಟ್ಟಿಗೆ ತರುವವರು ಅವರೇ.

2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ನ್ಯೂ ಮೆಕ್ಸಿಕೋ ಸೇರಿ ನಾಲ್ಕು ರಾಜ್ಯಗಳಲ್ಲಿ ಇಂಥ ಪಾರಂಪರಿಕ ಚಿಕಿತ್ಸೆಗೂ ಮೆಡಿಕೈಡ್, ಅಂದರೆ ಕಡಿಮೆ ಆದಾಯದವರ ಸರಕಾರಿ ಆರೋಗ್ಯ ವಿಮೆಯ, ಹಣ ಕೊಡಲು ಒಪ್ಪಿತು. ಇಷ್ಟು ವರ್ಷ ಅಜ್ಜನ ಕೆಲಸವನ್ನು ಲೆಕ್ಕಕ್ಕೇ ಹಿಡಿಯದವರು ಈಗ ಕಾಗದ ಕೇಳುತ್ತಿದ್ದಾರೆ. ಮೊನ್ನೆ ಇಬ್ಬರೂ ಕೂತು ಒಂದು ವಿವರ ಪಟ್ಟಿ ಬರೆಯುತ್ತಿದ್ದೆವು. ಎಲ್ಲಿ ಕಲಿತಿರಿ ಅನ್ನುವುದಕ್ಕೆ ಅವರು ತಾಯಿಯ ಅಣ್ಣನ ಹತ್ತಿರ ಅಂದರು. ಎಷ್ಟು ವರ್ಷ ಅಂದೆ. ಇನ್ನೂ ಮುಗಿದಿಲ್ಲ ಅಂದರು. ಹಾಗೇ ಬರೆದುಕೊಂಡೆ.