ಕೈ ಎತ್ತಿಸದೆ ಒಪ್ಪಿಸಿದ ನಿಯಮ: ಡೊಮೇನ್ ನೋಂದಣಿ ವಿವರಗಳ ಬಗ್ಗೆ ನನ್ನ ಅನುಭವ

ಉಡುಪಿಯ ಕುಂಜಿಬೆಟ್ಟಿನಲ್ಲಿ ವೆಬ್‌ಸೈಟ್ ಮತ್ತು ಡೊಮೇನ್ ನೋಂದಣಿಯ ಸಣ್ಣ ಕಚೇರಿಯೊಂದನ್ನು ಸುಮಾರು 17 ವರ್ಷಗಳಿಂದ ನಡೆಸುತ್ತಿದ್ದೇನೆ. ಗ್ರಾಹಕರ ಡೊಮೇನ್, ಅಂದರೆ ಜಾಲತಾಣದ ವಿಳಾಸ, ಗ್ರಾಹಕರ ಹೆಸರಿನಲ್ಲಿಯೇ ಇರಬೇಕು, ಅದರ ನೋಂದಣಿಗೆ ಕೊಟ್ಟ ಇಮೇಲ್ ಅವರ ಕೈಯಲ್ಲಿಯೇ ಇರಬೇಕು ಎಂಬ ನಿಯಮಕ್ಕೆ, ಮಂಗಳೂರಿನಿಂದ ಕುಂದಾಪುರದವರೆಗೆ ಇದೇ ಕೆಲಸ ಮಾಡುವ 23 ಮಂದಿ 2024ರ ದೀಪಾವಳಿಯ ಹೊತ್ತಿಗೆ ಸಹಿ ಹಾಕಿದರು. ನಮ್ಮ ಊರಿನಲ್ಲಿ ಇದು ಆಗುವ ಮಾತಲ್ಲ ಎಂದು ಏಳು ವರ್ಷ ಹೇಳಿದವರೇ ಈಗ ಕರೆ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಮ್ಮೆ ಬರೆದಿಡುತ್ತೇನೆ.

ಇದಕ್ಕೆಲ್ಲ ಕಾರಣವಾದದ್ದು ಒಂದು ಯಕ್ಷಗಾನ ಮೇಳದ ಡೊಮೇನ್. ಅದನ್ನು ನೋಂದಾಯಿಸಿಕೊಟ್ಟ ಹುಡುಗ ತನ್ನದೇ ಹೆಸರು ಮತ್ತು ತನ್ನದೇ ಇಮೇಲ್ ಕೊಟ್ಟು ಬಳಿಕ ಕೊಲ್ಲಿ ರಾಷ್ಟ್ರಕ್ಕೆ ಹೋಗಿಬಿಟ್ಟಿದ್ದ. 2016ರಲ್ಲಿ ಮೇ ಕೊನೆಯಲ್ಲಿ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ವಾರದಲ್ಲಿಯೇ ಅದರ ಅವಧಿ ಮುಗಿಯಿತು. ಡಾಟ್ ಕಾಮ್ ಹೆಸರಿಗೆ ನವೀಕರಿಸಲು ಹೆಚ್ಚೆಂದರೆ 45 ದಿನಗಳ ಹೆಚ್ಚುವರಿ ಕಾಲಾವಕಾಶ, ಆಮೇಲೆ ಹಳೆಯ ಒಡೆಯನೇ ಬಿಡಿಸಿಕೊಳ್ಳಲು 30 ದಿನಗಳ ಅವಕಾಶ, ಕೊನೆಗೆ 5 ದಿನ ಕಳೆದರೆ ಹೆಸರು ಬಯಲಿಗೆ ಬೀಳುತ್ತದೆ, ಯಾರು ಬೇಕಾದರೂ ಕೊಳ್ಳಬಹುದು ಎಂಬುದು ನಮ್ಮವರಿಗೆಲ್ಲ ಗೊತ್ತಿರುವ ಲೆಕ್ಕ. ಮೇಳಕ್ಕೆ ಮಾತ್ರ ಅದು ಗೊತ್ತಿರಲಿಲ್ಲ, ಮಳೆಗಾಲದಲ್ಲಿ ಜಾಲತಾಣ ನೋಡುವವರೂ ಇರಲಿಲ್ಲ. ಮುಂದಿನ ತಿರುಗಾಟದ ಕರಪತ್ರಗಳನ್ನು ಸುಮಾರು 3,000 ಪ್ರತಿ ಅಚ್ಚು ಹಾಕಿಸಿ, ಅದರ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಮೇಳದ ಮ್ಯಾನೇಜರರು ನನ್ನ ಕಚೇರಿಯ ಮೆಟ್ಟಿಲು ಹತ್ತಿದರು. ಕರಪತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ವಿಳಾಸದಲ್ಲಿ ಆಗ ಯಾವುದೋ ಜೂಜಿನ ಜಾಹೀರಾತು ಓಡುತ್ತಿತ್ತು. ಎರಡು ದಿನ ಕುಳಿತು ಅಷ್ಟೂ ಪ್ರತಿಗಳ ಮೇಲೆ ಹೊಸ ವಿಳಾಸದ ಚೀಟಿ ಅಂಟಿಸಿದೆವು. ಮೇಳದ ಹಳೆಯ ಹೆಸರು ಇಂದಿಗೂ ಮರಳಿ ಸಿಕ್ಕಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಜಗತ್ತಿನ ಡೊಮೇನ್ ಹೆಸರುಗಳ ನಿಯಮಗಳನ್ನು ನೋಡಿಕೊಳ್ಳುವ ಐಕಾನ್ (ICANN) ಸಂಸ್ಥೆಯ 57ನೇ ಸಭೆ ಹೈದರಾಬಾದಿನಲ್ಲಿ ನಡೆಯಿತು. ಪ್ರವೇಶಕ್ಕೆ ಶುಲ್ಕವಿಲ್ಲದ ಕಾರಣ ರೈಲು ಹತ್ತಿದೆ. ಪ್ರಯಾಣ, ಲಾಡ್ಜು, ಊಟ ಸೇರಿ ಎಂಟೊಂಬತ್ತು ಸಾವಿರ ರೂಪಾಯಿ ಖರ್ಚಾಯಿತು. 8ನೇ ತಾರೀಕಿನ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ ನನ್ನ ಕಿಸೆಯಲ್ಲಿದ್ದದ್ದು ಬರೀ 500ರ ನೋಟುಗಳು. ರೈಲ್ವೆ ಕೌಂಟರಿನಲ್ಲಿ ಹಳೆಯ ನೋಟು ನಡೆದದ್ದರಿಂದ ಊರು ಸೇರಿದೆ. ಆ ಸಭೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೋಂದಣಿ ವಿವರಗಳ, ಅಂದರೆ ಡೊಮೇನ್ ಒಡೆಯನ ಹೆಸರು, ಇಮೇಲ್, ಫೋನ್ ಮುಂತಾದವುಗಳ ಬಗ್ಗೆ ಚರ್ಚಿಸುತ್ತಿದ್ದ ಕಾರ್ಯತಂಡ. ಡೊಮೇನ್ ನೋಂದಾಯಿಸುವ ಕಂಪನಿಗಳಾದ ರಿಜಿಸ್ಟ್ರಾರುಗಳು, ಟ್ರೇಡ್‌ಮಾರ್ಕ್ ವಕೀಲರು, ಪೊಲೀಸ್ ಕಡೆಯವರು, ಖಾಸಗಿತನದ ಪರ ವಾದಿಸುವವರು ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತಿದ್ದರೂ ಅಧ್ಯಕ್ಷತೆ ವಹಿಸಿದ್ದವರು ಮತಕ್ಕೆ ಹಾಕಲಿಲ್ಲ. ಯಾರ ಆಕ್ಷೇಪ ಏನು, ಅದಕ್ಕೆ ಕಾರಣವೇನು ಎಂದಷ್ಟೇ ಕೇಳುತ್ತ ಹೋದರು. ಆ ತಂಡ ಮುಂದೆ ದಡ ಸೇರಲಿಲ್ಲ ಎಂಬುದೂ ನಿಜ. ಆದರೆ 2018ರ ಮೇ 25ರಂದು ಯುರೋಪಿನ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನು ಜಾರಿಯಾಗುವುದಕ್ಕೆ ಎಂಟು ದಿನ ಮೊದಲು ಐಕಾನ್ ಮಂಡಳಿ ಎಲ್ಲರಿಗೂ ಕಾಣುತ್ತಿದ್ದ ಈ ವಿವರಗಳಲ್ಲಿ ಹೆಚ್ಚಿನವನ್ನು ಮರೆಮಾಡಲು ಬಿಡುವ ಒಂದು ತಾತ್ಕಾಲಿಕ ನಿಯಮ ಮಾಡಿತು. ಅದರ ಆಯುಷ್ಯ ಹೆಚ್ಚೆಂದರೆ ಒಂದು ವರ್ಷ. ಆ ಒಂದು ವರ್ಷದ ಗಡುವು ತಲೆಯ ಮೇಲಿದ್ದುದರಿಂದ ಮುಂದಿನ ತಂಡ 2019ರ ಫೆಬ್ರವರಿಯೊಳಗೆ ತನ್ನ ಮೊದಲ ಹಂತದ ವರದಿಯನ್ನು ಮುಗಿಸಿಕೊಟ್ಟಿತು. ಗಡುವಿನ ಬೆಲೆ ನನಗೆ ಅರ್ಥವಾದದ್ದು ಅಲ್ಲಿಂದ, ಆದರೆ ತಡವಾಗಿ.

ತಡವಾಗಿ ಎನ್ನಲು ಕಾರಣ, ನನ್ನ ಮೊದಲ ಪ್ರಯತ್ನ 2017ರಲ್ಲಿಯೇ ಕೆಟ್ಟಿತ್ತು. ಹೋಟೆಲೊಂದರ ಮಹಡಿಯ ಕೋಣೆಯನ್ನು 2,500 ರೂಪಾಯಿಗೆ ಹಿಡಿದು 19 ಮಂದಿಯನ್ನು ಸೇರಿಸಿ, ಹೈದರಾಬಾದಿನಲ್ಲಿ ಕಂಡದ್ದನ್ನು ಮರೆತು ಕೈ ಎತ್ತಿಸಿದೆ. 14 ಮಂದಿ ಪರ, 5 ಮಂದಿ ವಿರೋಧ. ಗೆದ್ದೆವು ಎಂದುಕೊಂಡು ಬನ್ಸ್ ತರಿಸಿದೆ. ಆದರೆ ಉಳಿದ 14 ಮಂದಿಯ ಡೊಮೇನುಗಳನ್ನೆಲ್ಲ ಕೂಡಿಸಿದರೂ ಆ ಐವರ ಬಳಿಯಿದ್ದಷ್ಟು ಆಗುತ್ತಿರಲಿಲ್ಲ. ಅವರು ಎದ್ದು ಹೋದ ಮೇಲೆ ನಿಯಮ ಕಾಗದದಲ್ಲಿಯೇ ಉಳಿಯಿತು. ಎರಡನೆಯ ಸಲ, 2019ರಲ್ಲಿ, ಮಂಗಳೂರಿನ ವಕೀಲರೊಬ್ಬರಿಗೆ 18,000 ರೂಪಾಯಿ ಕೊಟ್ಟು 11 ಪುಟಗಳ ಇಂಗ್ಲಿಷ್ ಒಪ್ಪಂದ ಬರೆಸಿದೆ. ಅದನ್ನು ಕೊನೆಯ ಪುಟದವರೆಗೆ ಓದಿದವರು ಇಬ್ಬರು, ಅವರಲ್ಲಿ ಒಬ್ಬ ನಾನು. ಆ ಹಣ ನನ್ನ ಸ್ವಂತದ್ದು, ಮನೆಯಲ್ಲಿ ಅದರ ಮಾತು ಈಗಲೂ ಬರುತ್ತದೆ.

ಮೂರನೆಯ ಸಲ 2023ರ ಕೊನೆಯಲ್ಲಿ ಹೊರಟಾಗ ಕ್ರಮವನ್ನೇ ಬದಲಾಯಿಸಿದೆ. ಸಭೆ ಕರೆಯುವ ಮೊದಲು ಒಬ್ಬೊಬ್ಬರ ಕಚೇರಿಗೆ ಹೋಗಿ ಒಂದು ಪುಟದ ಕನ್ನಡದ ನಮೂನೆಯನ್ನು ಮುಂದಿಟ್ಟೆ. ಡೊಮೇನ್ ಯಾರ ಹೆಸರಿನಲ್ಲಿದೆ, ಸಂಸ್ಥೆ ಎಂಬ ಅಂಕಣದಲ್ಲಿ ಏನು ತುಂಬಿದ್ದೀರಿ, ಇಮೇಲ್ ಯಾರ ಫೋನಿನಲ್ಲಿ ತೆರೆಯುತ್ತದೆ, ಅವಧಿ ಮುಗಿಯುವ ದಿನ ಯಾವುದು ಎಂಬ ನಾಲ್ಕೇ ಪ್ರಶ್ನೆಗಳು. ಕಾರ್ಕಳದ ಒಬ್ಬ ಹಿರಿಯರು ಅದಕ್ಕೆ ಡೊಮೇನ್ ಜಾತಕ ಎಂದು ಹೆಸರಿಟ್ಟ ಮೇಲೆ ವಿವರಿಸುವ ಕೆಲಸವೇ ಇಲ್ಲವಾಯಿತು. ಯಾವ ಪ್ರಶ್ನೆಯನ್ನು ಮೊದಲು ಕೇಳಿದರೆ ಅವರೇ ಪ್ಯಾನೆಲ್ (ಡೊಮೇನುಗಳನ್ನು ನಿರ್ವಹಿಸುವ ಪುಟ) ತೆರೆದು ತೋರಿಸುತ್ತಾರೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾಲ್ಕೂ ಪ್ರಶ್ನೆಗಳನ್ನು ಸರಿಯಾಗಿ ಜೋಡಿಸಲು ನನಗೆ ಮೂರು ತಿಂಗಳು ಹಿಡಿದಿದೆ.

ಸಂಸ್ಥೆ ಎಂಬ ಅಂಕಣದ ವಿಷಯವನ್ನು ಮಾತ್ರ ಬಿಡಿಸಿ ಹೇಳಲೇಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲಿಯೇ. ಪ್ಯಾನೆಲ್ಲಿನಲ್ಲಿ ತಾನಾಗಿ ತುಂಬಿಕೊಳ್ಳುವ ನಮ್ಮ ಅಂಗಡಿಯ ಹೆಸರನ್ನು ಹಾಗೆಯೇ ಬಿಟ್ಟುಬಿಡುವುದು ಎಲ್ಲರ ರೂಢಿಯಾಗಿತ್ತು. 2025ರ ಆಗಸ್ಟ್ 21ರಿಂದ ಜಾರಿಯಾದ ಐಕಾನ್‌ನ ನೋಂದಣಿ ದತ್ತಾಂಶ ನೀತಿಯ ಪ್ರಕಾರ ಆ ಅಂಕಣದಲ್ಲಿ ಹೆಸರಿದ್ದರೆ ಆ ಸಂಸ್ಥೆಯೇ ಡೊಮೇನಿನ ಒಡೆಯ ಎಂದು ಲೆಕ್ಕ, ಮತ್ತು ಆ ಹೆಸರು ಬಹಿರಂಗವಾಗಿ ಕಾಣಬಹುದು. ಅಂದರೆ ಗ್ರಾಹಕನ ಹೆಸರು ಮೇಲಿನ ಸಾಲಿನಲ್ಲಿದ್ದರೂ ಒಡೆತನ ಅಂಗಡಿಯದ್ದಾಗುತ್ತದೆ. ಆ ನೀತಿಯ ಪಠ್ಯ 2024ರ ಆರಂಭದಲ್ಲಿ ಹೊರಬಂದಾಗ ಅದನ್ನು ಸಾಲು ಸಾಲಾಗಿ ಓದಿ ನಮ್ಮ ನಿಯಮದ ಕರಡಿಗೆ ಸೇರಿಸಿದ್ದೆ. ಈ ವಿಷಯದಲ್ಲಿ ಕರಾವಳಿಯ ಸಣ್ಣ ಅಂಗಡಿಗಳು ಅನೇಕ ದೊಡ್ಡ ಕಂಪನಿಗಳಿಗಿಂತ ಮೊದಲೇ ಸಿದ್ಧವಾಗಿದ್ದವು ಎಂದು ಹೆಮ್ಮೆಯಿಂದ ಹೇಳುತ್ತೇನೆ.

ಕರಡನ್ನು ಎರಡು ಪುಟಕ್ಕೆ ಇಳಿಸಿ 40 ದಿನಗಳ ಅಭಿಪ್ರಾಯದ ಅವಧಿ ಕೊಟ್ಟೆ. ಐಕಾನ್‌ನ ಸಾರ್ವಜನಿಕ ಅಭಿಪ್ರಾಯ ಸಂಗ್ರಹದ ರೂಢಿಯೂ ಅಷ್ಟೇ ದಿನಗಳದ್ದು. ಕಾರಣ ಬರೆಯದ ಆಕ್ಷೇಪವನ್ನು ಪರಿಗಣಿಸುವುದಿಲ್ಲ, ಕಾರಣ ಬರೆದ ಒಂದೇ ಒಂದು ಆಕ್ಷೇಪವಿದ್ದರೂ ಆ ಸಾಲನ್ನು ಮುಂದಕ್ಕೆ ಒಯ್ಯುವುದಿಲ್ಲ ಎಂದು ಮೊದಲೇ ತಿಳಿಸಿದೆ. ನಾನು ಅಧ್ಯಕ್ಷತೆಯನ್ನು ಬಿಟ್ಟು, ಈ ವ್ಯವಹಾರದಲ್ಲಿ ಲಾಭ ನಷ್ಟ ಇಲ್ಲದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರನ್ನು ಕೂರಿಸಿದೆ. ನಿಜವಾದ ಜಗಳ ಹೊರಬಂದದ್ದು ಆಗ. ಸುರತ್ಕಲ್‌ನ ಗೆಳೆಯರೊಬ್ಬರು ಎದ್ದುನಿಂತು, "ಎರಡು ವರ್ಷದ ದುಡ್ಡು ಬಾಕಿ ಇಟ್ಟವನು ಡೊಮೇನನ್ನೂ ತೆಗೆದುಕೊಂಡು ಹೋದರೆ ನಾನು ಯಾರ ಹತ್ತಿರ ಹೋಗಿ ಕೇಳುವುದು ಮಾರಾಯ್ರೆ?" ಎಂದರು. ಏಳು ವರ್ಷಗಳಿಂದ ಎಲ್ಲರ ಹೊಟ್ಟೆಯಲ್ಲಿದ್ದದ್ದು ಇದೇ ಪ್ರಶ್ನೆ. 2017ರಲ್ಲಿ ಕೈ ಎತ್ತಿಸುವ ಅವಸರದಲ್ಲಿ ನಾನು ಇದನ್ನು ಕೇಳಿಸಿಕೊಂಡೇ ಇರಲಿಲ್ಲ.

ಅದಕ್ಕೆ ಉತ್ತರ ಹುಡುಕಲು ಐದು ಸಭೆಗಳು ಬೇಕಾದವು. ಕೊನೆಗೆ ಒಪ್ಪಿದ್ದು ಹೀಗೆ: ಬಾಕಿ ವಸೂಲಿಗಾಗಿ ವಿನ್ಯಾಸ ಮತ್ತು ಹೋಸ್ಟಿಂಗ್ (ಜಾಲತಾಣವನ್ನು ಸರ್ವರಿನಲ್ಲಿ ಇರಿಸುವ ಸೇವೆ) ತಡೆಹಿಡಿಯಬಹುದು, ಡೊಮೇನನ್ನು ತಡೆಹಿಡಿಯುವಂತಿಲ್ಲ. ಕೇಳಿದ 5 ದಿನಗಳೊಳಗೆ ಡೊಮೇನನ್ನು ಬೇರೆ ರಿಜಿಸ್ಟ್ರಾರಿಗೆ ಒಯ್ಯಲು ಬೇಕಾದ ವರ್ಗಾವಣೆಯ ಸಂಕೇತವನ್ನು ಕೊಡಬೇಕು. ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ರಿಜಿಸ್ಟ್ರಾರಿಗೆ ಇರುವ ಗಡುವನ್ನೇ ನಮಗೂ ಹಾಕಿಕೊಂಡೆವು. ಬಾಕಿಯ ತಕರಾರನ್ನು ಮೂವರ ಸಮಿತಿ ಕೇಳುತ್ತದೆ, ಮತ್ತು ಬಾಕಿ ಉಳಿಸಿಕೊಂಡ ಗ್ರಾಹಕನ ಹೊಸ ಕೆಲಸವನ್ನು ಸಮಿತಿ ಹೇಳುವವರೆಗೆ 23 ಮಂದಿಯಲ್ಲಿ ಯಾರೂ ಹಿಡಿಯುವುದಿಲ್ಲ. ಸುರತ್ಕಲ್‌ನವರು ಒಪ್ಪಿದ್ದು ಈ ಕೊನೆಯ ಸಾಲಿನ ಬಲದಿಂದ. ಅತಿ ಹೆಚ್ಚು ಡೊಮೇನುಗಳಿದ್ದ ಇಬ್ಬರು ಒಪ್ಪಿದ ಬಗೆ ಬೇರೆ, ಅದನ್ನು ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ.

ಇಮೇಲ್ ಬಗ್ಗೆಯೂ ಬಹಳ ಹೊತ್ತು ಚರ್ಚೆಯಾಯಿತು. ಡೊಮೇನಿನದೇ ಇಮೇಲನ್ನು ಅದೇ ಡೊಮೇನಿನ ನೋಂದಣಿಗೆ ಕೊಡಬಾರದು. ಅವಧಿ ಮುಗಿದು ಹೆಸರು ನಿಂತರೆ ಎಚ್ಚರಿಕೆಯ ಪತ್ರವೂ ಬರುವುದಿಲ್ಲ. ರಿಜಿಸ್ಟ್ರಾರುಗಳು ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು ಮತ್ತು ಅವಧಿ ಮುಗಿದ 5 ದಿನಗಳೊಳಗೆ ನೆನಪಿಸಲೇಬೇಕು, ಆದರೆ ಆ ನೆನಪು ಹೋಗುವುದು ನೋಂದಣಿಯಲ್ಲಿರುವ ವಿಳಾಸಕ್ಕೆ ತಾನೆ? ಇಮೇಲೇ ಇಲ್ಲದ ಹೋಟೆಲು, ಐಸ್ ಪ್ಲಾಂಟ್, ಬೋಟಿನ ಮಾಲೀಕರಿಗೆ ಅವರದೇ ಫೋನಿನಲ್ಲಿ ಇಮೇಲ್ ತೆರೆದುಕೊಟ್ಟು, ಪಾಸ್‌ವರ್ಡ್ ಬರೆದ ಚೀಟಿಯನ್ನು ಲಕೋಟೆಯಲ್ಲಿ ಅಂಟಿಸಿ ಅವರ ಗಲ್ಲಾಪೆಟ್ಟಿಗೆಗೆ ಹಾಕಿಸುತ್ತೇವೆ. ಜಾತಕದ ನಮೂನೆಯೂ ಅದೇ ಲಕೋಟೆಯಲ್ಲಿ ಇರುತ್ತದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಾತಕದ ಪ್ರತಿಗಳನ್ನು ನಮ್ಮ ಗುಂಪು ಇಟ್ಟುಕೊಳ್ಳುವುದು ಬೇಡ ಎಂದು ನಿರ್ಧರಿಸಿದೆವು.

ನನಗೆ ಬಿದ್ದ ಖರ್ಚನ್ನೂ ಹೇಳಿಬಿಡುತ್ತೇನೆ. ಸಹಿ ಹಾಕುವ ಮೊದಲೇ ನನ್ನ ಖಾತೆಯಲ್ಲಿದ್ದ ಸುಮಾರು 130 ಡೊಮೇನುಗಳನ್ನು ಗ್ರಾಹಕರ ಹೆಸರಿಗೆ ಬದಲಾಯಿಸಿದೆ. ಡಾಟ್ ಕಾಮ್‌ನಂಥವುಗಳಲ್ಲಿ ಒಡೆಯನ ಹೆಸರು ಬದಲಾದರೆ ಬೇರೆ ರಿಜಿಸ್ಟ್ರಾರಿಗೆ ಒಯ್ಯಲು ಸಾಮಾನ್ಯವಾಗಿ 60 ದಿನಗಳ ಬೀಗ ಬೀಳುವುದರಿಂದ ನವೀಕರಣದ ದಿನಾಂಕ ನೋಡಿಕೊಂಡು ಹತ್ತು ಹತ್ತರಂತೆ ಮಾಡಿದೆ. 22 ಮಂದಿ ನನ್ನನ್ನು ಬಿಟ್ಟು ಹೋದರು. ಒಂದಕ್ಕೆ 400 ರೂಪಾಯಿ ಉಳಿಯುತ್ತಿತ್ತು ಎಂದರೆ ವರ್ಷಕ್ಕೆ ಒಂಬತ್ತು ಸಾವಿರದಷ್ಟು ಹೋಯಿತು. ಆದರೆ ಉಳಿದವರು ಕರೆತಂದ ಹೊಸ ಗ್ರಾಹಕರು ಅದರ ಮೂರು ಪಟ್ಟು ತುಂಬಿಕೊಟ್ಟರು.

ಇದರ ನಡುವೆ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. 2016ರಲ್ಲಿಯೇ ಹೊಸ ಸಿಮ್ ಒಂದನ್ನು ಕೊಂಡು, ಎಲ್ಲಿಯೂ ಬಳಸದ ಆ ಸಂಖ್ಯೆಯನ್ನು ಒಂದು ಡಾಟ್ ಕಾಮ್ ನೋಂದಣಿಗೆ ಕೊಟ್ಟಿದ್ದೆ. ವಿವರಗಳೆಲ್ಲ ತೆರೆದಿದ್ದ ಕಾಲವದು. ಮೊದಲ ವಾರದಲ್ಲಿ ವೆಬ್‌ಸೈಟ್ ಮಾಡಿಕೊಡುತ್ತೇವೆ ಎಂಬ ಕರೆಗಳು ಮೂವತ್ತಕ್ಕೂ ಹೆಚ್ಚು ಬಂದವು. 2018ರ ನಂತರ ಇದೇ ಪ್ರಯೋಗವನ್ನು ಪುನಃ ಮಾಡಿದಾಗ ಬಂದದ್ದು ಎರಡು. ಇನ್ನೊಂದು, ಗ್ರಾಹಕರೊಬ್ಬರ ಹೋಟೆಲಿನ ಹೆಸರಿಗೆ ಅಡ್ಡಗೆರೆ ಸೇರಿಸಿ ಯಾರೋ ಡೊಮೇನ್ ಕೊಂಡಾಗ, 2023ರ ನವೆಂಬರಿನಲ್ಲಿ ಐಕಾನ್ ಆರಂಭಿಸಿದ ನೋಂದಣಿ ವಿವರ ಕೋರಿಕೆ ಸೇವೆಯಲ್ಲಿ ಅರ್ಜಿ ಹಾಕಿದೆ. ಅದು ಕೋರಿಕೆಯನ್ನು ರಿಜಿಸ್ಟ್ರಾರಿಗೆ ತಲುಪಿಸುತ್ತದೆಯೇ ಹೊರತು ವಿವರ ಕೊಡಿಸಿಯೇ ತೀರುತ್ತದೆ ಎಂದಿಲ್ಲ. ಮೊದಲ ಸಲ ನಿರಾಕರಿಸಿದರು. ಟ್ರೇಡ್‌ಮಾರ್ಕ್ ಪ್ರಮಾಣಪತ್ರ ಮತ್ತು ಹೋಟೆಲಿನ ಬೋರ್ಡಿನ ಚಿತ್ರ ಲಗತ್ತಿಸಿ ಕಾರಣವನ್ನು ಎಂಟು ಸಾಲಿನಲ್ಲಿ ಬರೆದ ಮೇಲೆ ಮೂರು ವಾರದಲ್ಲಿ ಕೊಟ್ಟರು. ಮೇಳಕ್ಕೆ ಕನ್ನಡದ ಡಾಟ್ ಭಾರತ ವಿಳಾಸವನ್ನೂ ಮಾಡಿಸಿದ್ದೇನೆ. ಪುಟ ಚೆನ್ನಾಗಿ ತೆರೆಯುತ್ತದೆ, ಆದರೆ ಕನ್ನಡದ ಇಮೇಲನ್ನು ಬ್ಯಾಂಕಿನ ಅರ್ಜಿ ನಮೂನೆ ಇನ್ನೂ ಒಪ್ಪುತ್ತಿಲ್ಲ.

ಈಗ ನಮ್ಮ ಎರಡನೆಯ ಕರಡು ಅಭಿಪ್ರಾಯಕ್ಕೆ ಬಿಟ್ಟಿದೆ. ಸಂಘ, ದೇವಸ್ಥಾನ, ಸಹಕಾರಿಗಳಲ್ಲಿ ಪದಾಧಿಕಾರಿಗಳು ಬದಲಾದಾಗ ಡೊಮೇನಿನ ಇಮೇಲ್ ಮತ್ತು ಫೋನ್ ಸಂಖ್ಯೆಯನ್ನು ಎಷ್ಟು ದಿನಗಳೊಳಗೆ ಬದಲಾಯಿಸಬೇಕು ಎಂಬುದು ಅದರ ವಿಷಯ. ನಾವು 15 ದಿನ ಎಂದು ಬರೆದಿದ್ದೆವು. ಕಾಪು ಕಡೆಯ ಭಜನಾ ಮಂದಿರವೊಂದರ ಕಾರ್ಯದರ್ಶಿಯವರು ನಾಲ್ಕು ಪುಟ ಕೈಬರಹದಲ್ಲಿ ಆಕ್ಷೇಪ ಕಳುಹಿಸಿದ್ದಾರೆ: ಹೊಸ ಸಮಿತಿಯ ಮೊದಲ ಸಭೆ ಸೇರಿ ನಿರ್ಣಯ ಬರೆಯುವುದಕ್ಕೇ ಒಂದು ತಿಂಗಳು ಬೇಕು, ಅದಕ್ಕಿಂತ ಮೊದಲು ಬದಲಾಯಿಸಿದರೆ ನಾಳೆ ತಕರಾರು ಬಂದಾಗ ತೋರಿಸಲು ಕಾಗದವೇ ಇರುವುದಿಲ್ಲ ಎಂದು. ನಮ್ಮ 23 ಮಂದಿಯಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. 15ನ್ನು ಹೊಡೆದು 45 ಮಾಡಿ, ನಿರ್ಣಯದ ಪ್ರತಿ ಲಗತ್ತಿಸಬೇಕು ಎಂಬ ಮಾತನ್ನು ಸೇರಿಸಿ ಕರಡನ್ನು ಮತ್ತೆ ಕಳುಹಿಸಿದ್ದೇವೆ.