80ನೇ ದಿನದ ಕತ್ತರಿ

"ಹೊಟ್ಟೇಲಿ ಮರಿ ಇರೋ ಕುರಿಗೆ ಕತ್ತರಿ ಹಾಕ್ತೀಯಲ್ಲೋ, ಬುದ್ಧಿ ಐತೇನೋ ನಿಂಗೆ?" ಮೊದಲ ವರ್ಷ ದೊಡ್ಡಪ್ಪ ಹೀಗೆ ಬೈದಿದ್ದರು. ಆ ವರ್ಷದ ಮಟ್ಟಿಗೆ ಅವರು ಬೈದಿದ್ದು ಸರಿಯೇ.

ನಮ್ಮದು ಚಳ್ಳಕೆರೆ ಕಡೆ. ರೊಪ್ಪದಲ್ಲಿ ಸುಮಾರು 90 ಕುರಿ, ಹೆಚ್ಚಿನವು ಕರಿ ಉಣ್ಣೆಯವು. ನ್ಯೂಜಿಲೆಂಡಿನವರು ನಡುಗಬ್ಬದಲ್ಲಿ, ಅಂದರೆ ಕುರಿಯ ಐದು ತಿಂಗಳ ಗಬ್ಬದ ನಡುವಲ್ಲಿ, ಉಣ್ಣೆ ತೆಗೆದು ತೂಕದ ಮರಿ ಪಡೆದಿದ್ದಾರೆ ಅಂತ ಪಶು ವೈದ್ಯರೊಬ್ಬರು ಮಾತಿಗೆ ಹೇಳಿದ್ದರು. ನಾನು 'ನಡು' ಅನ್ನೋದೊಂದನ್ನು ಬಿಟ್ಟು ಉಳಿದಿದ್ದೆಲ್ಲ ಕೇಳಿಸಿಕೊಂಡೆ. ದಸರಾ ಹೊತ್ತಿಗೆ ಕತ್ತರಿ ಹಾಕಿಸಿದೆ. ಆಗಲೇ ಎಷ್ಟೋ ಕುರಿಗೆ ನಾಲ್ಕು ತಿಂಗಳು ದಾಟಿತ್ತು. ಕಾಲು ಕಟ್ಟಿ ಕೆಡವಿದ್ದಕ್ಕೆ ಆರೋ ಏಳೋ ಕುರಿ ಕಂದು ಹಾಕಿದವು. ಮರಿಗೆ 5 ಸಾವಿರ ಅಂದರೂ 30 ಸಾವಿರ ಮಣ್ಣುಪಾಲು.

ಎರಡನೇ ವರ್ಷ ಬೇಗ, ಸೆಪ್ಟೆಂಬರಲ್ಲೇ ಹಾಕಿಸಿದೆ. ಮೂರನೇ ರಾತ್ರಿ ಮಳೆ ಹೊಯ್ಯಿತು. ಬೋಳು ಮೈ, ಮೇಲೆ ತಗಡಿಲ್ಲ. ಎರಡು ಕುರಿ ಕೆಮ್ಮು ಹತ್ತಿ ಸತ್ತವು. ಮೇವೂ ಹೆಚ್ಚಿಸಿರಲಿಲ್ಲ, ಮರಿ ತೂಕ ಒಂದು ಗುಂಜಿಯೂ ಏರಲಿಲ್ಲ. ಉಣ್ಣೆ ಹೋದ ಕುರಿ ಚಳಿಗೆ ಜಾಸ್ತಿ ತಿನ್ನುತ್ತದೆ. ತಿನ್ನೋಕೆ ಮುಂದೆ ಇರಬೇಕಲ್ವಾ?

ನಿಜವಾದ ಕಷ್ಟ ದಿನ ಲೆಕ್ಕ ಹಾಕೋದು. ಟಗರು ಹತ್ತಿದ ಕುರಿಗೆ ಗುರುತು ಬೀಳಲಿ ಅಂತ ಟಗರಿನ ಎದೆಗೆ ಕೆಮ್ಮಣ್ಣು ಬಳಿದು ಬಿಟ್ಟೆ. ಕರಿ ಉಣ್ಣೆ ಮೇಲೆ ಕೆಮ್ಮಣ್ಣು ಯಾರಿಗೆ ಕಾಣುತ್ತೆ! ಆಮೇಲೆ ಹೆಂಡತಿಯ ಹಳದಿ ರಂಗೋಲಿ ಪುಡಿಗೆ ಶೇಂಗಾ ಎಣ್ಣೆ ಕಲಸಿ ಬಳಿದೆ. ಹಿಂಭಾಗ ಹಳದಿಯಾದ ಕುರಿಯ ಕಿವಿ ನಂಬರು ಪುಸ್ತಕಕ್ಕೆ. ಗಬ್ಬ ನಿಲ್ಲದ ಕುರಿ ಸುಮಾರು 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ, ಅದಕ್ಕೇ 17 ದಿನಕ್ಕೆ ಬಣ್ಣ ಬದಲು. ಎಣ್ಣೆಗೆ ಇನ್ನೊಂದು ಸೇರಿಸ್ತೀನಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಉದುರುತ್ತದೆ. ಅದು ಏನು ಅಂತ ಕೇಳಬೇಡಿ.

ಜೂನ್ ಮೊದಲಲ್ಲಿ ಟಗರು ಬಿಟ್ಟೆ. ಆಗಸ್ಟ್ ಕೊನೆಗೆ, 75ರಿಂದ 90 ದಿನ ಆದವಕ್ಕೆ ಮಾತ್ರ ಕತ್ತರಿ. ಕಾಲು ಕಟ್ಟೋ ಹಾಗಿಲ್ಲ, ಬೆನ್ನ ಮೇಲೆ ಉರುಳಿಸೋ ಹಾಗಿಲ್ಲ, ಹಿಂದಿನ ರಾತ್ರಿ ಹೊಟ್ಟೆ ತುಂಬಿಸೋ ಹಾಗಿಲ್ಲ. ಕತ್ತರಿಯವರು ಗೊಣಗಿದರು, ತಲೆಗೆ 25 ಇದ್ದಿದ್ದು 35 ಆಯಿತು. ಉಣ್ಣೆ ಮಾರಿದ ದುಡ್ಡು ಅವರ ಚಹಾಕ್ಕೂ ಸಾಲಲಿಲ್ಲ. ಅಜ್ಜನ ಕಾಲದಲ್ಲಿ ಇದೇ ಉಣ್ಣೆ ಕಂಬಳಿಯಾಗಿ ಮನೆ ನಡೆಸಿತ್ತು.

ದೊಡ್ಡಪ್ಪ ಆಗಲೂ ಬಿಡಲಿಲ್ಲ. "ಹಿಂಡಿ ಹಾಕಿದ್ರೆ ಯಾರ ಮರಿನಾದ್ರೂ ದಪ್ಪ ಆಗ್ತದೆ" ಅಂದರು. ಸರಿ, 20 ಕುರಿಗೆ ಕತ್ತರಿ, 20ಕ್ಕೆ ಇಲ್ಲ. ಎರಡೂ ಕಡೆ ಅದೇ ಶೇಂಗಾ ಹೊಟ್ಟು, ಅದೇ ಮೆಕ್ಕೆಜೋಳದ ನುಚ್ಚು, ಅದೇ ಹಿಂಡಿ. ಉಣ್ಣೆ ಇದ್ದವು ಹೊಟ್ಟು ಮಿಗಿಸಿದವು. ಬೋಳಾದವು ಗೋದಲಿ ನೆಕ್ಕಿದವು. ಮರಿ ಬಿದ್ದ ದಿನವೇ ತಕ್ಕಡಿಗೆ ಹಾಕಿದೆ: ಉಣ್ಣೆ ಇದ್ದವುಗಳ ಮರಿ ಎರಡೂವರೆ ಕೆಜಿ ಆಸುಪಾಸು, ಬೋಳು ಕುರಿಗಳದ್ದು ಹತ್ತಿರ ಹತ್ತಿರ 2.9. ನವೆಂಬರ್ ಚಳಿಗೆ ಉಣ್ಣೆ ಇದ್ದವುಗಳ ಕಡೆ ನಾಲ್ಕು ಮರಿ ಹೋದವು, ಬೋಳು ಕುರಿಗಳ ಕಡೆ ಒಂದು. ಅದೂ ನಾಯಿ ಕಚ್ಚಿ. ತಾಯಿ ಗಿಣ್ಣದ ಹಾಲು ಕುಡಿಯೋಕೆ ಮರಿ ತಾನೇ ಎದ್ದು ನಿಲ್ಲುತ್ತಿತ್ತು. ಅದೇ ದೊಡ್ಡ ಲಾಭ.

ಎಲ್ಲ ಚೆನ್ನಾಗಿಯೇ ಆಯಿತು ಅನ್ನಲ್ಲ. ಎರಡು ಚಿಕ್ಕ ಕುರಿಗಳು ಹೊಟ್ಟೆಯೊಳಗಿನ ಮರಿ ದಪ್ಪವಾಗಿ ಈಯಲಾರದೆ ಒದ್ದಾಡಿದವು, ಕೈ ಹಾಕಿ ಎಳೆಯಬೇಕಾಯಿತು. ಚೊಚ್ಚಲ ಕುರಿಗೆ ಈಗ ಕತ್ತರಿ ಮುಟ್ಟಿಸಲ್ಲ. ಸೊರಗಿದ ಕುರಿಗೂ ಬೇಡ. ಗೋಣಿಚೀಲ ಹೊಲಿದು ಬೋಳು ಕುರಿಗೆ ಅಂಗಿ ತೊಡಿಸಿಯೂ ನೋಡಿದೆ. ಬೆಳಿಗ್ಗೆ ಹೊತ್ತಿಗೆ ಜಾಲಿಮುಳ್ಳಲ್ಲಿ ಚಿಂದಿ.

ಮೂರೂವರೆ ತಿಂಗಳಿಗೆ ಮಾರಿದಾಗ ಮರಿಗೆ 600-700 ಜಾಸ್ತಿ ಸಿಕ್ಕಿತು. ಕತ್ತರಿ, ಹಿಂಡಿ ಕಳೆದರೆ ಕೈಗೆ 300ರ ಮೇಲೆ. ಸಾಯದೆ ಉಳಿದ ಮರಿ ಲೆಕ್ಕ ಬೇರೆ.

ಈ ಸಲ 52 ಕುರಿಗೆ ಹಳದಿ ಬಿದ್ದಿದೆ, ಅದರಲ್ಲಿ ಹನ್ನೊಂದು ದೊಡ್ಡಪ್ಪನವು. ಕತ್ತರಿಯವರಿಗೆ 500 ಮುಂಗಡ ಕೊಟ್ಟಾಗಿದೆ. ಕತ್ತರಿ ಹಾಕಿಸೋಕೂ ಮುಂಚೆ ರೊಪ್ಪಕ್ಕೆ ತಗಡು ಹಾಕಿಸಬೇಕು.