ಅಮೃತಬಳ್ಳಿ ಬೇಕಾ? ಗುಡ್ಡ ಬಿಡಿ, ಒಂದು ಕಡ್ಡಿ ಸಾಕು

ನಾಲ್ಕು ವರ್ಷದ ಹಿಂದೆ ಹುಬ್ಬಳ್ಳಿಯ ನಮ್ಮ ಮನೆ ತಾರಸಿಗೆ ಒಂದು ಅಮೃತಬಳ್ಳಿ ತಂದಿದ್ದೆ. ನರ್ಸರಿಯಲ್ಲಿ 60 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸವಿಲ್ಲದಂತೆ ಹಬ್ಬಿತು. ಒಂದು ದಿನ ಹಪ್ಪಳ ಒಣಹಾಕಲು ಬಂದ ಪಕ್ಕದ ಮನೆ ಅಜ್ಜಿ ಬಳ್ಳಿಯನ್ನು ಕೈಯಲ್ಲಿ ಸವರಿ ನೋಡಿದರು. "ತಮ್ಮಾ, ಇದಕ್ಕ ಮೈತುಂಬ ನರೂಲಿ ಎದ್ದಾವಲ್ಲೋ! ಇದು ನಮ್ಮ ಅಮೃತಬಳ್ಳಿ ಅಲ್ಲ" ಅಂದರು.

ಅಜ್ಜಿ ಮುಂಡರಗಿ ಕಡೆಯವರು. ಕಪ್ಪತಗುಡ್ಡದ ಬುಡದಲ್ಲಿ ಆಡಿ ಬೆಳೆದವರು. ಅವರು ಹೇಳಿದ್ದೇ ಸರಿಯಾಗಿತ್ತು. ನಾನು ಬೆಳೆಸಿದ್ದು ಅಮೃತಬಳ್ಳಿಯ ಸೋದರ ಬಳ್ಳಿ. ನೋಡಲು ಅದರಂತೆಯೇ, ಗುಣ ಬೇರೆ. ಪುಣ್ಯಕ್ಕೆ ಕಷಾಯ ಮಾಡಿ ಕುಡಿದಿರಲಿಲ್ಲ. ಮುಂದಿನ ಸಲ ಊರಿಗೆ ಹೋದ ಅಜ್ಜಿ ಹೊಲದ ಬದುವಿನ ಬೇವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳಿಯ ಎರಡು ಕಡ್ಡಿ ತಂದುಕೊಟ್ಟರು. ಈಗ ತಾರಸಿಯಲ್ಲಿರುವುದು ಅದೇ ಬಳ್ಳಿ.

ಮೊದಲು ಗುರುತು

ಎಲೆ ನೋಡಿ ನಂಬಬೇಡಿ. ಹೃದಯದ ಆಕಾರದ ಎಲೆ ನೂರು ಬಳ್ಳಿಗಿದೆ. ಎಲೆಯನ್ನು ಎರಡೂ ಕಡೆ ಸವರಿ. ನಿಜವಾದ ಅಮೃತಬಳ್ಳಿಯ ಎಲೆ ನುಣುಪಾಗಿರುತ್ತದೆ. ಕೆಳಗೆ ರೋಮ ರೋಮವಾಗಿದ್ದರೆ ಬೇರೆ ಬಳ್ಳಿ. ಬಲಿತ ಕಾಂಡದ ಮೇಲೆ ತೆಳು ಸಿಪ್ಪೆ ಇರುತ್ತದೆ. ಉಗುರಿನಿಂದ ಎಬ್ಬಿಸಿದರೆ ಈರುಳ್ಳಿಯ ಒಣ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ, ಒಳಗೆ ಹಸಿರು ಕಾಣುತ್ತದೆ. ಸಣ್ಣ ಚುಕ್ಕೆಗಳಿದ್ದರೆ ಚಿಂತೆಯಿಲ್ಲ. ನರೂಲಿಯಂಥ ಗಂಟುಗಳು ಎದ್ದು ಕಂಡರೆ, ಕತ್ತರಿಸಿದಾಗ ಹಾಲಿನಂಥ ರಸ ಒಸರಿದರೆ ಅದು ಬೇಡ.

ಕಾಂಡವನ್ನು ಅಡ್ಡ ಕತ್ತರಿಸಿದರೆ ಚಕ್ಕಡಿ ಗಾಲಿಯ ಅರೆಕಾಲಿನಂಥ ಗೆರೆಗಳು ಕಾಣುತ್ತವೆ. ನೋಡಲು ಬಲು ಚಂದ. ಆದರೆ ಗಾಲಿ ಕಂಡಿತು ಅಂತ ಖಾತ್ರಿಯಾಗಬೇಡಿ, ಸೋದರ ಬಳ್ಳಿಗಳಲ್ಲೂ ಅದು ಇರುತ್ತದೆ. ಕೊರೊನಾ ಕಾಲದಲ್ಲಿ ಸಿಕ್ಕಸಿಕ್ಕವರೆಲ್ಲ ಅಮೃತಬಳ್ಳಿ ಕಷಾಯ ಕುಡಿದರು. ಕೆಲವರ ಯಕೃತ್ತಿಗೆ ಪೆಟ್ಟಾಗಿದೆ ಎಂದು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಅಮೃತಬಳ್ಳಿಯಿಂದಲೇ ಆಗಿದ್ದೋ, ತಪ್ಪು ಬಳ್ಳಿಯಿಂದಲೋ ಎಂದು ದೊಡ್ಡ ಚರ್ಚೆಯೇ ನಡೆಯಿತು. ಅಷ್ಟು ಎಚ್ಚರ ನಮಗೂ ಇರಲಿ.

ಕಡ್ಡಿ ಎಲ್ಲಿಂದ ತರಬೇಕು

ಕಪ್ಪತಗುಡ್ಡದಿಂದ ಮಾತ್ರ ಬೇಡ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯ ಈ ಗುಡ್ಡಸಾಲು ಔಷಧಿ ಸಸ್ಯಗಳಿಗೆ ಹೆಸರುವಾಸಿ. ಅದಿರಿನ ಮೇಲೂ ಹಲವರ ಕಣ್ಣು. 2015ರಲ್ಲಿ ಇದನ್ನು ಸಂರಕ್ಷಿತ ಪ್ರದೇಶ ಎಂದು ಸಾರಿ, ಮರುವರ್ಷವೇ ಆ ಆದೇಶ ಹಿಂದಕ್ಕೆ ಪಡೆದಾಗ ಗದಗಿನ ಜನ ಬೀದಿಗಿಳಿದರು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2017ರಲ್ಲಿ ರಕ್ಷಣೆ ಮರಳಿತು, 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ವನ್ಯಜೀವಿಧಾಮದಿಂದ ಅನುಮತಿಯಿಲ್ಲದೆ ಗಿಡ, ಬೇರು ತರುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೀಳುವ ಬೆಂಕಿಯೇ ಆ ಗುಡ್ಡಕ್ಕೆ ಸಾಕಷ್ಟಾಗಿದೆ, ನಮ್ಮ ಗುದ್ದಲಿಯೂ ಯಾಕೆ?

ಹಾಗೆ ನೋಡಿದರೆ ಅಮೃತಬಳ್ಳಿಗೆ ಗುಡ್ಡ ಹತ್ತಬೇಕಾಗಿಯೇ ಇಲ್ಲ. ಹೊಲದ ಬದು, ಹಳೇ ಬೇಲಿ, ಗುಡಿಯ ಹಿಂದಿನ ಬೇವಿನ ಮರ, ಎಲ್ಲ ಕಡೆ ಸಿಗುತ್ತದೆ. ಹೊಲದವರನ್ನು ಕೇಳಿ ಒಂದು ಮೊಳ ಕತ್ತರಿಸಿಕೊಳ್ಳಿ. ಬುಡ ಕೀಳಬೇಡಿ.

ನೆಡುವುದು

ಮಿರಗ ಮಳೆ ಹಿಡಿಯುವ ಹೊತ್ತು ಒಳ್ಳೆಯದು, ಅಂದರೆ ಜೂನ್ ಎರಡನೇ ವಾರ. ಪೆನ್ಸಿಲ್‌ಗಿಂತ ತುಸು ದಪ್ಪಗಿನ ಬಲಿತ ಕಾಂಡ ಆರಿಸಿ. ಗೇಣುದ್ದ ಕತ್ತರಿಸಿ, ಪ್ರತಿ ತುಂಡಿನಲ್ಲೂ ಎರಡು ಮೂರು ಗಿಣ್ಣು ಇರಲಿ. ಬುಡದ ಕಡೆ ಓರೆಯಾಗಿ, ತಲೆಯ ಕಡೆ ನೇರವಾಗಿ ಕತ್ತರಿಸಿ. ಇದು ಸುಮ್ನೆ ಶೋಕಿಗಲ್ಲ. ಎಲೆ ಉದುರಿದ ಕಡ್ಡಿಯಲ್ಲಿ ತಲೆ ಯಾವುದು, ಬುಡ ಯಾವುದು ಮರೆತೇ ಹೋಗುತ್ತದೆ. ಮರೆತಿದ್ದರೆ ಗಿಣ್ಣು ನೋಡಿ. ಎಲೆ ಕಳಚಿದ ಕಲೆಯ ಮೇಲುಗಡೆ ಸಣ್ಣ ಮೊಗ್ಗಿರುತ್ತದೆ, ಅದೇ ಮೇಲ್ಮುಖ.

ಬರೀ ಎರೆ, ಅಂದರೆ ಕಪ್ಪು ಮಣ್ಣು ಕುಂಡಕ್ಕೆ ಆಗದು. ಮಳೆಗೆ ಅಂಟು, ಬಿಸಿಲಿಗೆ ಬಿರುಕು. ಮಸಾರಿ ಅಂದರೆ ಕೆಂಪು ಮಣ್ಣು ಎರಡು ಪಾಲು, ಉಸುಕು ಒಂದು ಪಾಲು, ಹಳೇ ತಿಪ್ಪೆಗೊಬ್ಬರ ಒಂದು ಪಾಲು ಕಲಸಿ. ತಳದ ತೂತಿನ ಮೇಲೆ ಹಂಚಿನ ಚೂರು ಇಡಿ. ಒಂದು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಕಡ್ಡಿ ಊರಿ ನೆರಳಿಗಿಡಿ.

ನೀರು? "ಜಾಸ್ತಿ ಹಾಕಬ್ಯಾಡ, ತಾನ ಬರತೈತಿ" ಅಂದಿದ್ದರು ಅಜ್ಜಿ. ಮಣ್ಣಿನ ಮೇಲ್ಪದರ ಒಣಗಿದಾಗ ಒಂದು ಚೆಂಬು ಸಾಕು. ನಳದ ನೀರಿಗೆ ದಿನಗಟ್ಟಲೆ ಕಾಯುವ ನಮ್ಮಂಥ ಓಣಿಯವರಿಗೆ ಹೇಳಿ ಮಾಡಿಸಿದ ಬಳ್ಳಿ.

ಎರಡು ಮೂರು ವಾರಕ್ಕೆ ಗಿಣ್ಣಿನಲ್ಲಿ ಹಸಿರು ಚುಕ್ಕೆ ಏಳುತ್ತದೆ. ಆಗ ಖುಷಿಗೆ ಕಡ್ಡಿ ಎಳೆದು ನೋಡಬೇಡಿ. ಮೊದಲ ಚಿಗುರು ಕಾಂಡದೊಳಗಿನ ನೀರಿನಿಂದಲೇ ಬರುತ್ತದೆ, ಬೇರು ಆಮೇಲೆ. ನಾನು ಒಂದನ್ನು ಎಳೆದು ನೋಡಿಯೇ ಕೊಂದೆ. ನಾಲ್ಕೈದು ಎಲೆ ಬಿಟ್ಟ ಮೇಲೆ ಬಿಸಿಲಿಗೆ ಇಟ್ಟು ದಾರ ಕಟ್ಟಿ. ನೆಲವಿದ್ದರೆ ಬೇವು, ನುಗ್ಗಿಗೆ ಹಬ್ಬಿಸಿ. ಬೇವಿಗೆ ಹಬ್ಬಿದ್ದು ಹೆಚ್ಚು ಗುಣ ಅನ್ನುವುದು ವಾಡಿಕೆ.

ಬಳ್ಳಿ ದೊಡ್ಡದಾದ ಮೇಲೆ ಒಂದು ತಮಾಷೆ ನೋಡಬಹುದು. ಎತ್ತರದಲ್ಲಿರುವ ಬಳ್ಳಿಯ ಬುಡ ಕತ್ತರಿಸಿದರೂ ಅದು ಸಾಯುವುದಿಲ್ಲ. ಮೇಲಿನಿಂದ ದಾರದಂಥ ತೆಳು ಬೇರು ಇಳಿಬಿಡುತ್ತದೆ. ಅದು ಗಾಳಿಗೆ ತೂಗಾಡುತ್ತ ದಿನದಿನಕ್ಕೂ ಉದ್ದವಾಗಿ ಕಡೆಗೆ ಮಣ್ಣು ಮುಟ್ಟುತ್ತದೆ. ಅಮೃತ ಅಂತ ಹೆಸರಿಟ್ಟವರು ಇದನ್ನು ನೋಡಿಯೇ ಇಟ್ಟಿರಬೇಕು.

ಹೊಲದವರಿಗೆ ಒಂದು ಮಾತು

ದಾಳಿಂಬೆ, ಮೋಸಂಬಿ ತೋಟವಿದ್ದರೆ ಅದರ ಬೇಲಿಗೆ ಅಮೃತಬಳ್ಳಿ ಹಬ್ಬಿಸಬೇಡಿ. ರಾತ್ರಿ ಬಂದು ಹಣ್ಣಿಗೆ ಚುಚ್ಚಿ ರಸ ಹೀರುವ ಪತಂಗದ ಹುಳು ಬೆಳೆಯುವುದು ಇದೇ ಬಳ್ಳಿಯ ಎಲೆ ತಿಂದು. ಮೈಯ ಪಕ್ಕದಲ್ಲಿ ಕಣ್ಣಿನಂಥ ಮಚ್ಚೆ ಇರುವ ಹುಳು ಅದು. ತಾರಸಿಯಲ್ಲಿ ಕಂಡರೆ ಕೈಯಿಂದ ಆರಿಸಿ ತೆಗೆದರೆ ಸಾಕು.

ಬಳಸುವುದು

ಆಯುರ್ವೇದದಲ್ಲಿ ಮುಖ್ಯವಾಗಿ ಬಳಸುವುದು ಕಾಂಡ, ಜ್ವರಕ್ಕೆ ಇದು ಹಳೇ ಮದ್ದು. ಬೇಸಿಗೆಯಲ್ಲಿ ಎಲೆ ಉದುರಿದ ಮೇಲೆ ಬಲಿತ ಕಾಂಡ ಕತ್ತರಿಸಿ, ಸಿಪ್ಪೆ ಕೆರೆದು, ಬೆರಳುದ್ದದ ತುಂಡು ಮಾಡಿ ನೆರಳಲ್ಲಿ ಒಣಗಿಸಿ. ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರನ್ನು ಕೇಳಿಯೇ ತಿಳಿಯಿರಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಯಕೃತ್ತಿನ ತೊಂದರೆ ಇರುವವರು, ಬಸುರಿಯರು ತಾವೇ ಶುರು ಮಾಡಬಾರದು. ವಾಟ್ಸಾಪಿನಲ್ಲಿ ಬಂದ ಅಳತೆಯಂತೂ ಬೇಡವೇ ಬೇಡ.

ಕಡ್ಡಿಯಿಂದ ಬರುವ ಇನ್ನೆರಡು ಗಿಡ ಹೇಳಿಬಿಡುತ್ತೇನೆ. ದೊಡ್ಡಪತ್ರೆ ಮುರಿದು ಊರಿದರೆ ಸಾಕು, ತಂಬುಳಿಗೂ ಆಯಿತು, ಬಜ್ಜಿಗೂ ಆಯಿತು. ಆಡುಸೋಗೆ ಬೇಲಿಗೆ ಒಳ್ಳೆಯದು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದನ್ನು ಮಾತ್ರ ಆಡೂ ಬಿಟ್ಟು ಹೋಗುತ್ತದೆ. ಕೆಮ್ಮಿನ ಸಿರಪ್‌ನಲ್ಲಿ ಬರುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಈ ಗಿಡದ ಸಾರದ ಜಾಡು ಹಿಡಿದೇ. ಆಡುಸೋಗೆಯೂ ಬಸುರಿಯರಿಗೆ ಆಗದು. ಅಶ್ವಗಂಧದಂಥವು ಬೇರಿನ ಗಿಡಗಳು. ಬೇರು ಕಿತ್ತರೆ ಗಿಡವೇ ಹೋಯಿತು. ಅವನ್ನು ಬೀಜ ಹಾಕಿಯೇ ಬೆಳೆಸಬೇಕು.

ಯಾರಾದರೂ ಕಡ್ಡಿ ಕೇಳಿದರೆ ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಕೊಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವೆತು ಕೊಳೆಯುತ್ತದೆ. ಬುಡ ಯಾವ ಕಡೆ ಅಂತ ಹೇಳುವುದನ್ನು ಮರೆಯಬೇಡಿ. ಹಾವೇರಿಯ ನನ್ನ ತಂಗಿ ಮೊದಲ ಸಲ ಮೂರನ್ನೂ ತಲೆಕೆಳಗಾಗಿ ನೆಟ್ಟಿದ್ದಳು.